ಚುಕ್ಕೆ ಮಾಯವಾದ ಲೋಳೆಸರ

ಕಾಜಾ ಅಕ್ಕನ ಅನುಮಾನಕ್ಕೆ ರಜೆ ಎಂಬುದೇ ಇರಲಿಲ್ಲ. ಹಾಲಿನವನು ನಗುತ್ತಾ ಬಂದರೆ ನೀರು ಬೆರೆಸಿದ್ದಾನೆ ಎಂದುಕೊಳ್ಳುವಳು. ಮುಖ ಗಂಟಿಕ್ಕಿಕೊಂಡು ಬಂದರೆ, ಬೆರೆಸಿ ಯಾರ ಕೈಗೋ ಸಿಕ್ಕಿಬಿದ್ದಿದ್ದಾನೆ ಎಂದುಕೊಳ್ಳುವಳು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಜಗ್ಗಿ ನೋಡುವಳು. ಜಗ್ಗಿದ್ದರಿಂದ ಸಡಿಲವಾಯಿತೇನೋ ಎಂದು ಮತ್ತೊಮ್ಮೆ ಜಗ್ಗುವಳು.

ಅಂಗಿಗಳಿಗೆ ಕೈಯಲ್ಲಿ ಕಾಜಾ ಹೊಲಿಯುವುದು, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಕಟ್ಟುವುದು, ಅವಳ ಕಸುಬು. ಪ್ರಾಯದಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ಆರು ಜನ ಹೆಂಗಸರ ಜೊತೆ ಕೂತು ಹೊಲಿಯುತ್ತಿದ್ದಳು. ಎಲ್ಲರ ಅಂಗಿಯೂ ಒಂದೇ ಬುಟ್ಟಿಗೆ ಬೀಳುತ್ತಿತ್ತು. ತನ್ನ ಕೆಲಸವನ್ನು ಬೇರೆಯವಳು ತನ್ನದೆಂದು ಹೇಳಿಕೊಂಡಾಳು ಎಂಬ ಭಯಕ್ಕೆ ಅವಳು ಒಂದು ಉಪಾಯ ಮಾಡಿದ್ದಳು. ಕೊನೆಯ ಹೊಲಿಗೆಗೆ ಎಲ್ಲರೂ ದಾರವನ್ನು ಬಲಕ್ಕೆ ಸುತ್ತಿ ಗಂಟು ಹಾಕಿದರೆ ಇವಳು ಎಡಕ್ಕೆ ಸುತ್ತಿ ಹಾಕುವಳು. ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಿಗುವ ಗಂಟು. ಅಂಗಡಿ ಬಿಟ್ಟು ಮನೆಯಲ್ಲೇ ಹೊಲಿಯಲು ಶುರುಮಾಡಿದ ಮೇಲೂ ಆ ಎಡಗಂಟನ್ನು ಬಿಟ್ಟಿರಲಿಲ್ಲ.

ಮನೆಯೆಂದರೆ ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಎರಡು ಮಂಚದಷ್ಟು ಅಗಲದ ಹಿತ್ತಲು. ಅಣ್ಣತಮ್ಮಂದಿರಿಬ್ಬರೂ ವರ್ಷದ ಅಂತರದಲ್ಲಿ ತೀರಿಹೋಗಿ, ಕೆಳಗೆ ಅಣ್ಣನ ಹೆಂಡತಿ ಕಾಜಾ ಅಕ್ಕ, ಮೇಲೆ ತಮ್ಮನ ಹೆಂಡತಿ ಉಳಿದಿದ್ದರು. ಬೀದಿಯವರ ಬಾಯಲ್ಲಿ ಮೇಲಿನವಳ ಹೆಸರು ಮಹಡಿಯವಳು. ಶಾಲೆಯೊಂದರಲ್ಲಿ ಆಯಾ ಕೆಲಸ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕೆಳಗಿಳಿದು ಬಂದು, ವಾರಗಿತ್ತಿಯ ಎದುರು ಕೂತು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು, ಹೊಲಿದು ಮುಗಿದ ಅಂಗಿಗಳನ್ನು ದಾರಿಯಲ್ಲಿನ ಟೈಲರ್ ಅಂಗಡಿಗೆ ತಲುಪಿಸುತ್ತಾ ಹೋಗುವಳು. ಕಾಜಾ ಅಕ್ಕನ ಬೆರಳು ಇನ್ನೂ ಚುರುಕು, ಆದರೆ ಸೂಜಿಯ ಕಣ್ಣು ಹುಡುಕಲು ಅವಳ ಕಣ್ಣಿಗೆ ಆಗುತ್ತಿರಲಿಲ್ಲ. ಆ ಇಪ್ಪತ್ತು ಸೂಜಿ ಇಲ್ಲದಿದ್ದರೆ ಅವಳ ದಿನವೇ ಇರಲಿಲ್ಲ.

ಒಂದು ಸಲ ಗಾಡಿಯಲ್ಲಿ ಗಿಡ ಮಾರುವವಳಿಂದ ಕಾಜಾ ಅಕ್ಕ ಆರು ಲೋಳೆಸರದ ಮರಿ ತಂದಳು. ಬೆರಳುದ್ದದ ಎಲೆಗಳ ಮೇಲೆ ಬಿಳಿ ಚುಕ್ಕೆ, ಯಾರೋ ಸೂಜಿಯಲ್ಲಿ ಒಂದೊಂದೇ ಇಟ್ಟಂತೆ. ಅದನ್ನು ನೋಡಿಯೇ ಅವಳಿಗೆ ಆಸೆ ಹುಟ್ಟಿದ್ದು. ಎಲ್ಲವನ್ನೂ ಎರಡು ದಿನ ನೆರಳಿನಲ್ಲಿ ಹರವಿ, ಬೇರಿನ ಗಾಯ ಒಣಗಿದ ಮೇಲೆ, ಅರ್ಧ ಮರಳು ಅರ್ಧ ಮಣ್ಣು ಬೆರೆಸಿ ಹಳೆಯ ಬಣ್ಣದ ಡಬ್ಬಗಳಿಗೆ ತೂತು ಮಾಡಿ ನೆಡಲು ಕೂತಳು.

"ಎರಡು ನೀನು ತಗೊಳೇ, ಮೇಲೆ ಬಿಸಿಲು ಚೆನ್ನಾಗಿದೆ," ಎಂದಳು ವಾರಗಿತ್ತಿಗೆ.

ಮಹಡಿಯವಳು ಆರನ್ನೂ ನೋಡಿ, ಎಲೆಯನ್ನು ನೆಲಕ್ಕೆ ಚೆಲ್ಲಿಕೊಂಡು ಮಲಗಿದಂತಿದ್ದ ಎರಡನ್ನು ಎತ್ತಿಕೊಂಡಳು. "ಇವು ಸುಸ್ತಾಗಿವೆ ಅಕ್ಕ. ನೆಟ್ಟಗಿರೋದು ನಿಮಗಿರಲಿ."

ಆಗ ಕಾಜಾ ಅಕ್ಕನಿಗೆ ಅದರಲ್ಲಿ ಏನೂ ಅನ್ನಿಸಲಿಲ್ಲ. ಅನ್ನಿಸದೆ ಹೋದದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು.

ಗಿಡಗಳು ಚೆನ್ನಾಗಿಯೇ ಬಂದವು. ಅವಳು ಎಂಟು ದಿನಕ್ಕೊಮ್ಮೆ, ಅದೂ ಮಣ್ಣಿಗೆ ಬೆರಳು ಚುಚ್ಚಿ ಒಣಗಿದೆಯೆಂದು ಗೊತ್ತಾದ ಮೇಲೆ, ನೀರು ಹಾಕುತ್ತಿದ್ದಳು. ಎಲೆಯ ಸಂದಿಯಲ್ಲಿ ಹಿಟ್ಟಿನಂಥ ಬಿಳಿ ಹುಳು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ನಾಲ್ಕೂ ಮೊಳಕೈ ಉದ್ದ ಬೆಳೆದವು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಎಲೆಗಳ ಮೇಲೆ ಚುಕ್ಕೆ ಇರಲಿಲ್ಲ. ಹಸಿರೆಂದರೆ ಬರೀ ಬೂದುಹಸಿರು.

"ಚುಕ್ಕೆ ಎಲ್ಲಿಗೆ ಹೋಯ್ತೇ?" ಎಂದು ಒಳಗೆ ಬಂದು ಕೇಳಿದಳು.

ಮಹಡಿಯವಳು ದಾರ ಪೋಣಿಸುತ್ತಾ ತಲೆಯೆತ್ತದೆ ನಕ್ಕಳು. "ಚುಕ್ಕೆ ಎಲ್ಲೂ ಹೋಗಿಲ್ಲ ಅಕ್ಕ. ನಿಮ್ಮ ಕಣ್ಣು ಹೋಗಿದೆ."

ತಮಾಷೆಗೆ ಆಡಿದ ಮಾತು ಕಾಜಾ ಅಕ್ಕನ ಎದೆಗೆ ನಾಟಿತು. ನಿಜಕ್ಕೂ ಕಣ್ಣೇ ಹೋಗಿದ್ದರೆ? ಸೂಜಿಯ ಕಣ್ಣು ಹೋಗಿ ಆಗಿತ್ತು, ಈಗ ಚುಕ್ಕೆ, ನಾಳೆ ಸೀಳು, ಆಮೇಲೆ ಅಂಗಿ. ಅವತ್ತು ಮಧ್ಯಾಹ್ನ ವಾರಗಿತ್ತಿ ಶಾಲೆಯಲ್ಲಿದ್ದಾಗ ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಮೇಲಿನ ಬಾಲ್ಕನಿಯ ಎರಡು ಡಬ್ಬಗಳ ಮುಂದೆ ಕೂತಳು. ಅಲ್ಲಿ ಚುಕ್ಕೆಗಳು ಢಾಳಾಗಿ ಇದ್ದವು. ಸಾಲು ಸಾಲಾಗಿ, ಅಕ್ಕಪಕ್ಕದವು ಒಂದಕ್ಕೊಂದು ಅಂಟಿಕೊಂಡು, ಎಲೆಗೆ ಅಡ್ಡಪಟ್ಟಿ ಹೊಡೆದಂತೆ. ಸದ್ಯ, ಕಣ್ಣು ಹೋಗಿರಲಿಲ್ಲ. ಒಂದು ನಿಮಿಷ ಅವಳಿಗೆ ಹಾಯೆನಿಸಿತು. ಎರಡನೆಯ ನಿಮಿಷಕ್ಕೆ ಅನುಮಾನ ಬಂದು ಪಕ್ಕದಲ್ಲಿ ಕೂತಿತು. ಒಂದೇ ಗಾಡಿಯ ಗಿಡ, ಒಂದೇ ಮಣ್ಣು. ಕೆಳಗಿನದರ ಚುಕ್ಕೆ ಹೋಗಿ ಮೇಲಿನದರದು ಉಳಿದಿದೆ ಎಂದರೆ ಏನರ್ಥ? ಮೊದಲು ಆರಿಸಿಕೊಂಡವಳು ಯಾರು? ತಾನು ಮಧ್ಯಾಹ್ನ ನಿದ್ದೆ ಮಾಡುವುದು ಯಾರಿಗೆ ಗೊತ್ತು? ತನ್ನ ನಾಲ್ಕು ಗಿಡ ಮಂಚದಡಿ ಇರಬಹುದೆಂದು ಬಗ್ಗಿಯೂ ನೋಡಿದಳು. ಚಪ್ಪಲಿ ಮಾತ್ರ ಇದ್ದವು. ಹಾಗಾದರೆ ಬೇರೆ ಯಾರಿಗೋ ಕೊಟ್ಟಿದ್ದಾಳೆ.

ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಳ ಜಾಯಮಾನವಲ್ಲ. ಅಂಗಿ ತರಲು ಟೈಲರ್ ಮಾಸ್ಟರ್ ಹತ್ತಿರ ಹೋದಾಗ ಹೇಳಿದಳು. ಎದುರು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟ್ಯೂಷನ್ ಮೇಡಂಗೆ, ಯಾರಿಗೂ ಹೇಳಬೇಡಿ ಎಂದು ಹೇಳಿ, ಹೇಳಿದಳು. ಬೀದಿ ಕೊನೆಯ ಇಸ್ತ್ರಿಯವನ ಹತ್ತಿರ ಸ್ವಲ್ಪ ಜಾಸ್ತಿಯೇ ಹೇಳಿದಳು, ಅವನು ಕೇಳುತ್ತಾ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಬಿಟ್ಟಿದ್ದನಾದ್ದರಿಂದ.

"ಇವತ್ತು ಗಿಡ ಬದಲಾಯಿಸಿದವಳು ನಾಳೆ ಏನು ಬದಲಾಯಿಸ್ತಾಳೋ ಯಾರಿಗೆ ಗೊತ್ತು," ಎಂದು ಮುಗಿಸಿದ್ದಳು.

ಅಷ್ಟರಲ್ಲಿ ಹಿತ್ತಲಿನ ನಾಲ್ಕು ಗಿಡಗಳ ಬುಡದಲ್ಲಿ ಹೊಸ ಮರಿಗಳು ಎದ್ದಿದ್ದವು. ಅವುಗಳ ಮೈತುಂಬ ಚುಕ್ಕೆ. ಕಾಜಾ ಅಕ್ಕನಿಗೆ ಇದು ಸಾಕ್ಷಿ ಸಿಕ್ಕಂತಾಯಿತು. ದೊಡ್ಡವನ್ನು ಕದ್ದವಳು ಮಣ್ಣಿನೊಳಗಿದ್ದ ಮರಿಗಳನ್ನು ನೋಡಿಲ್ಲ. ಅವಳು ಐದು ಮರಿ ಬಿಡಿಸಿ, ಒಣಗಿಸಿ, ಪ್ರತಿಯೊಂದರ ಬೇರಿನ ಕುತ್ತಿಗೆಗೆ ಕಾಜಾದಾರ ಸುತ್ತಿ ಎಡಗಂಟು ಹಾಕಿ ನೆಟ್ಟಳು. ಮೇಲೆ ಮರಳು ಮುಚ್ಚಿದಳು. ಬದಲಾಯಿಸಿದರೆ ಈಗ ಸಿಕ್ಕಿಬೀಳಲಿ.

ತಿಂಗಳುಗಳು ಹೋದವು. ಬೆಳಿಗ್ಗೆ ಸೂಜಿ, ಮಧ್ಯಾಹ್ನ ಹಿತ್ತಲು. ಹೊಸ ಎಲೆ ಬಂದಂತೆಲ್ಲ ಚುಕ್ಕೆ ತೆಳ್ಳಗಾಗುತ್ತಿತ್ತು. ಎಂಟನೆಯ ತಿಂಗಳಲ್ಲಿ ಮರಳು ಕೆದಕಿ ಬೆರಳಾಡಿಸಿದಳು. ಗಂಟು ಇತ್ತು, ಎಡಕ್ಕೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಕಾಜಾ ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಈ ಗಂಟನ್ನು ಒಮ್ಮೆ ವಾರಗಿತ್ತಿಗೆ ತಾನೇ ಕಲಿಸಿಕೊಟ್ಟಿರಲಿಲ್ಲವೇ? ಕಲಿಸಿಕೊಟ್ಟಿದ್ದಳು, ಶಾಲೆಯ ಸಮವಸ್ತ್ರದ ಗುಂಡಿ ಹಚ್ಚಲೆಂದು. ಅದೇ ಮತ್ತೆ. ಗಂಟನ್ನೂ ಬದಲಾಯಿಸಿದ್ದಾಳೆ.

ಆ ಐದರಲ್ಲಿ ಇನ್ನೂ ಸ್ವಲ್ಪ ಚುಕ್ಕೆ ಉಳಿದಿದ್ದ ಎರಡನ್ನು ಒಳಗೆ ತಂದು ತನ್ನ ಮಲಗುವ ಕೋಣೆಯ ಕಿಟಕಿಯಲ್ಲಿಟ್ಟಳು. ಹೊರಗೆ ಹೋಗುವಾಗ ಕೋಣೆಗೇ ಬೀಗ. ಕೀಲಿಕೈ ಸೆರಗಿನ ತುದಿಯಲ್ಲಿ.

ಬೀಗ ಮಹಡಿಯವಳ ಕಣ್ಣಿಗೂ ಬಿತ್ತು. ಅವಳಿಗೆ ವಿಷಯ ತಿಳಿದದ್ದು ಟೈಲರ್ ಅಂಗಡಿಯಲ್ಲಿ. ಅಂಗಿ ಕೊಡಲು ಹೋದಾಗ ಮಾಸ್ಟರ್ ಮೇಜಿನ ಮೇಲಿದ್ದ ಗುಂಡಿಗಳ ಡಬ್ಬವನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡ. ಹಿಂದಿನ ದಿನವೂ ಇಟ್ಟುಕೊಂಡಿದ್ದ. ಅವಳು ಅಲ್ಲೇ ನಿಂತು ಯಾಕೆಂದು ಕೇಳಿದಳು. ಅವನು ಮೊದಲು ಅಳತೆ ಟೇಪು ಸುತ್ತಿದ, ಬಿಚ್ಚಿದ, ಆಮೇಲೆ ಹೇಳಿದ.

ಮರುದಿನ ಬೆಳಿಗ್ಗೆ ಅವಳು ಎಂದಿಗಿಂತ ಬೇಗ ಕೆಳಗೆ ಬಂದು ಸೂಜಿಗಳಿಗೆ ದಾರ ಪೋಣಿಸಲು ಕೂತಳು. ಇಪ್ಪತ್ತಾದರೂ ನಿಲ್ಲಿಸಲಿಲ್ಲ. ಮನೆಯಲ್ಲಿದ್ದ ಅಷ್ಟೂ ಸೂಜಿಗಳಾದವು.

"ಇಷ್ಟೊಂದು ಯಾಕೇ?" ಎಂದಳು ಕಾಜಾ ಅಕ್ಕ.

"ಶನಿವಾರದವರೆಗೆ ಆಗುತ್ತೆ. ಆಮೇಲೆ ನಂಬಿಕೆಯವರು ಯಾರನ್ನಾದ್ರೂ ನೋಡ್ಕೊಳ್ಳಿ." ಮಹಡಿಯವಳ ದನಿ ಏರಲಿಲ್ಲ. "ನಿಮ್ಮ ಗಿಡ ನಾನು ಮುಟ್ಟಿಲ್ಲ. ಮುಟ್ಟಬೇಕು ಅನ್ನಿಸಿದ್ರೆ ಕೇಳಿಯೇ ತಗೊಳ್ತಿದ್ದೆ, ನೀವು ಕೊಡ್ತಲೂ ಇದ್ರಿ."

"ನಾನೇನು ಅಂದೆ ಈಗ?"

"ನನ್ನ ಹತ್ತಿರ ಏನೂ ಅಂದಿಲ್ಲ. ಅದೇ ತಾನೇ."

ಅವಳು ಮೆಟ್ಟಿಲು ಹತ್ತಿ ಹೋದಳು. ಕಾಜಾ ಅಕ್ಕ ಮೊದಲು ಅಂದುಕೊಂಡದ್ದು, ತಪ್ಪು ಮಾಡಿದವರಿಗೇ ಸಿಟ್ಟು ಜಾಸ್ತಿ ಅಂತ.

ಶನಿವಾರ ಕಳೆಯಿತು. ಸೋಮವಾರ ಅವಳು ಕನ್ನಡಕ ಹಾಕಿಕೊಂಡು, ತೆಗೆದು, ದಾರದ ತುದಿ ನೆಕ್ಕಿ, ಬಿಸಿಲಿಗೆ ಹಿಡಿದು, ಒಂದು ಸೂಜಿಗೆ ಅರ್ಧ ಗಂಟೆ ಕಳೆದಳು. ಟ್ಯೂಷನ್ ಮೇಡಂ ಒಂದು ದಿನ ಮೂರು ಸೂಜಿ ಪೋಣಿಸಿಕೊಟ್ಟು, ಮಕ್ಕಳು ಕಾಯ್ತಿದ್ದಾರೆ ಎಂದು ಎದ್ದುಹೋದಳು. ಅಂಗಿಗಳು ಕುರ್ಚಿಯ ಮೇಲೆ ಏರಿದವು. ಮಾಸ್ಟರ್ ತಾನೇ ಬಂದು ಅವುಗಳಲ್ಲಿ ಅರ್ಧದಷ್ಟನ್ನು ತಿರುಗಿ ಒಯ್ದ. "ಪರವಾಗಿಲ್ಲ ಅಕ್ಕ, ಮಿಷನ್ನಿಗೆ ಹಾಕಿಸ್ತೀನಿ. ಈಗ ಕೈ ಕಾಜಾ ಯಾರೂ ಕೇಳಲ್ಲ," ಎಂದ. ಪರವಾಗಿಲ್ಲ ಎಂದದ್ದು ಅವಳಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸಿತು. ಮೇಲಿನಿಂದ ನಡೆದಾಡುವ ಸದ್ದು ಬರುತ್ತಿತ್ತು. ಈಗ ಪಾತ್ರೆ ಇಟ್ಟಳು, ಈಗ ಬಾಲ್ಕನಿಗೆ ಹೋದಳು ಎಂದು ಕಾಜಾ ಅಕ್ಕ ಕೆಳಗೆ ಕೂತೇ ಲೆಕ್ಕ ಹಾಕುವಳು. ಮೆಟ್ಟಿಲ ಮೇಲೆ ಮಾತ್ರ ಸದ್ದಾಗುತ್ತಿರಲಿಲ್ಲ. ವಾರಗಿತ್ತಿ ಈಗ ಪಕ್ಕದ ಹೊರಮೆಟ್ಟಿಲಿನಿಂದಲೇ ಬೀದಿಗೆ ಇಳಿಯುತ್ತಿದ್ದಳು.

ಇಷ್ಟರ ನಡುವೆ ಕಿಟಕಿಯ ಎರಡು ಗಿಡಗಳ ಚುಕ್ಕೆಯೂ ಹೋಯಿತು.

ಕಾಜಾ ಅಕ್ಕ ಬೀಗ ನೋಡಿದಳು, ಕಿಟಕಿಯ ಸರಳು ನೋಡಿದಳು, ಸೆರಗಿನ ತುದಿಯ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಆ ಕೋಣೆಗೆ ತಾನೊಬ್ಬಳೇ ಬಂದದ್ದು. ಅನುಮಾನಪಡಲು ಯಾರಾದರೂ ಬೇಕಲ್ಲ ಎಂದು ಹುಡುಕಿದಳು. ಕೊನೆಗೆ ಸಿಕ್ಕವಳು ಗಿಡ ಮಾರುವವಳು.

ಗಾಡಿಯವಳು ಬಸ್ ನಿಲ್ದಾಣದ ಪಕ್ಕ ನಿಂತು ಗುಲಾಬಿಗೆ ನೀರು ಚಿಮುಕಿಸುತ್ತಿದ್ದಳು. ಕಾಜಾ ಅಕ್ಕ ಡಬ್ಬವನ್ನು ಅವಳ ಮುಂದಿಟ್ಟಳು.

"ಚುಕ್ಕೆ ಗಿಡ ಅಂತ ಕೊಟ್ಟೆ. ಎಲ್ಲಿದೆ ಚುಕ್ಕೆ? ಬಣ್ಣ ಹಚ್ಚಿ ಮಾರಿದ್ಯಾ?"

"ನಾನು ಲೋಳೆಸರ ಅಂತ ಕೊಟ್ಟೆ ಅಜ್ಜಿ. ಚುಕ್ಕೆ ನೀವು ನೋಡಿದ್ದು." ಅವಳಿಗೆ ಸಿಟ್ಟೇನೂ ಬರಲಿಲ್ಲ. "ಇದು ಮಾಮೂಲಿ ಲೋಳೆಸರ. ಮರಿ ಇದ್ದಾಗ ಎಲ್ಲಕ್ಕೂ ಚುಕ್ಕೆ ಇರುತ್ತೆ. ಬೆಳೀತಾ ಬೆಳೀತಾ ಹೋಗುತ್ತೆ. ಎಳೇ ಮಕ್ಕಳ ಹಾಲುಹಲ್ಲಿನ ಹಾಗೆ ಅಂದ್ಕೊಳ್ಳಿ."

"ಸುಳ್ಳು. ನಮ್ಮ ಮಹಡಿಯಲ್ಲಿರೋದರದು ಹೋಗಿಲ್ಲ."

"ಅದು ಹೇಗಿದೆ? ನೆಟ್ಟಗಿದ್ಯಾ, ನೆಲಕ್ಕೆ ಚೆಲ್ಲಿಕೊಂಡಿದ್ಯಾ?"

ಗಾಡಿಯವಳು ಹಿಂದಿನ ಸಾಲಿನಿಂದ ಒಂದು ದೊಡ್ಡ ಗಿಡ ಎಳೆದಳು. ಎಲೆಗಳು ತಟ್ಟೆಯಂತೆ ಅಗಲಕ್ಕೆ ಹರಡಿ, ತುದಿಗಳು ಒಣಗಿ ಕಂದಾಗಿದ್ದವು. ಮೈಮೇಲೆ ಚುಕ್ಕೆಯ ಪಟ್ಟಿ. ನಡುವಿನ ಕಡ್ಡಿಯ ತುದಿಯಲ್ಲಿ ಕಿತ್ತಳೆ ಬಣ್ಣದ ಹೂಗಳು ಕೊಡೆ ಬಿಚ್ಚಿದಂತೆ ಚಪ್ಪಟೆಯಾಗಿ ನಿಂತಿದ್ದವು.

"ಇದೇ ಚುಕ್ಕೆ ಲೋಳೆಸರ. ಇದರ ಚುಕ್ಕೆ ಸಾಯೋವರೆಗೂ ಹೋಗಲ್ಲ. ನಿಮ್ಮದು ಹೂಬಿಟ್ರೆ ಹಳದಿ, ಜೋಳದ ತೆನೆ ಥರ ಉದ್ದಕ್ಕೆ ಬರುತ್ತೆ. ಮರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ರೆ ನನಗೇ ಮೋಸ ಆಗುತ್ತೆ. ಅವತ್ತು ಬೆರೆತುಹೋಗಿರಬೇಕು. ಇನ್ನೊಂದು, ಇದರ ರಸ ಮೈಗೆ ಹಚ್ಕೋಬೇಡಿ, ಕೆಲವರಿಗೆ ತುರಿಕೆ ಬರುತ್ತೆ."

"ನಿನಗೆ ಅವಳು ಹೇಳಿಕೊಟ್ಟಳಾ?"

"ಯಾರು?"

ಕಾಜಾ ಅಕ್ಕ ಕಣ್ಣು ಮುಚ್ಚಿ ಎರಡೂ ಗಿಡಗಳ ಎಲೆಯಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಕಣ್ಣಿಗಿಂತ ಬೆರಳನ್ನು ನಂಬಿ ಬದುಕಿದವಳು. ತನ್ನ ಗಿಡದ ಮುಳ್ಳು ಮೆತ್ತಗೆ, ಬೆರಳೊತ್ತಿದರೆ ಬಾಗುವಂಥದ್ದು. ಇನ್ನೊಂದರದು ಗಟ್ಟಿ, ಗರಗಸದ ಹಲ್ಲು. ಇಬ್ಬರ ಕೈಯ ಹೊಲಿಗೆಯಷ್ಟು ಬೇರೆ. ಎರಡು ವರ್ಷ ಎಲೆಯ ಚುಕ್ಕೆ ನೋಡಿದಳೇ ಹೊರತು ಅಂಚನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಸುಸ್ತಾಗಿವೆ ಎಂದು ವಾರಗಿತ್ತಿ ಎತ್ತಿಕೊಂಡದ್ದು ಚೆಲ್ಲಿಕೊಂಡಿದ್ದ ಎರಡನ್ನು. ಚೆನ್ನಾಗಿ ಕಂಡ ನಾಲ್ಕನ್ನು ಇವಳಿಗೆ ಬಿಟ್ಟಿದ್ದಳು.

ಅಂದು ಸಂಜೆ ಕಾಜಾ ಅಕ್ಕ ಮೆಟ್ಟಿಲು ಹತ್ತಿದಳು. ಮಹಡಿಯವಳು ಬಟ್ಟೆ ಮಡಚುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ, ಆದರೆ ಕುರ್ಚಿಯ ಮೇಲಿನ ಬಟ್ಟೆ ಎತ್ತಿದಳು.

"ನೀನು ಗಿಡ ಬದಲಾಯಿಸಿದೆ ಅಂದ್ಕೊಂಡಿದ್ದೆ," ಎಂದಳು ಕಾಜಾ ಅಕ್ಕ. ಗಾಡಿಯವಳು ಹೇಳಿದ್ದನ್ನೆಲ್ಲ ಹೇಳಿದಳು. ಗಂಟು ಹಾಕಿದ್ದನ್ನೂ, ಆ ಗಂಟನ್ನೇ ಅನುಮಾನಿಸಿದ್ದನ್ನೂ ಹೇಳಿದಳು. "ಮಂಚದಡಿಯೂ ಬಗ್ಗಿ ನೋಡಿದ್ದೆ."

"ಗೊತ್ತು. ಚಪ್ಪಲಿ ಅದಲುಬದಲಾಗಿತ್ತು."

"ತಪ್ಪಾಯ್ತು ಕಣೇ."

ಮಹಡಿಯವಳು ಮಡಚಿದ ಟವಲ್ಲನ್ನೇ ಬಿಚ್ಚಿ ಮತ್ತೆ ಮಡಚಿದಳು. "ನನ್ನ ಹತ್ತಿರ ಹೇಳಿ ಏನು ಪ್ರಯೋಜನ ಅಕ್ಕ? ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಯಾರ್ಯಾರ ಹತ್ತಿರ ಹೇಳಿದ್ರೋ ಅವರ ಹತ್ತಿರ ಹೋಗಿ ಹೇಳಿ. ನಾನು ದಿನಾ ಆ ಬೀದಿಯಲ್ಲೇ ನಡೀಬೇಕು."

ಟೈಲರ್ ಮಾಸ್ಟರ್ ಕೇಳಿ ತಲೆ ಕೆರೆದುಕೊಂಡ, ಗುಂಡಿಯ ಡಬ್ಬವನ್ನು ಮೇಜಿನ ಮೇಲಕ್ಕೆ ತಂದಿಟ್ಟ. ಟ್ಯೂಷನ್ ಮೇಡಂ, ತಾನು ಮೊದಲೇ ನಂಬಿರಲಿಲ್ಲ ಎಂದಳು. ಅದು ಸುಳ್ಳೆಂದು ಕಾಜಾ ಅಕ್ಕನಿಗೆ ಗೊತ್ತಾಯಿತು, ತುಟಿ ಕಚ್ಚಿಕೊಂಡು ಎದ್ದು ಬಂದಳು. ಉಳಿದವನು ಇಸ್ತ್ರಿಯವನು.

ಅವನು ಪೂರ್ತಿ ಕೇಳಿದ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಡಲಿಲ್ಲ.

"ನಿಮ್ಮದು ಮೆದು ಮನಸ್ಸು ಅಕ್ಕ," ಎಂದ. "ಮನೆ ಮಾತು ಹೊರಗೆ ಬರಬಾರದು ಅಂತ ಮುಚ್ಚಿಡ್ತಿದ್ದೀರಿ."

"ಮುಚ್ಚಿಡ್ತಿಲ್ಲಪ್ಪ. ಗಿಡದ ಜಾತಿಯೇ ಬೇರೆ."

"ಆ ಗಾಡಿಯವಳು ಅವರಿಗೆ ಗುರುತಿರಬಹುದಲ್ಲ? ನಾನು ಆವಾಗಿಂದ ನೋಡ್ತಿದ್ದೀನಿ. ಮಹಡಿಯವರು ಬಟ್ಟೆ ಕೊಡೋಕೆ ಬಂದ್ರೆ ಈ ರಾಶಿ ಕಡೆ ನೋಡ್ತಾರೆ. ಈಗ ಅವರ ಬಟ್ಟೆ ಬರುವಾಗ ಎರಡು ಸಲ ಎಣಿಸ್ತೀನಿ, ಹೋಗುವಾಗ ಎರಡು ಸಲ. ಸರಿಯಾಗಿಯೇ ಇರುತ್ತೆ. ಅದೇ ನನಗೆ ಅನುಮಾನ."

ಅವನು ಆಡುತ್ತಿದ್ದ ಒಂದೊಂದು ಮಾತನ್ನೂ ಕಾಜಾ ಅಕ್ಕ ಎಲ್ಲೋ ಕೇಳಿದ್ದಳು. ಎಲ್ಲಿ ಎಂದು ಯೋಚಿಸಬೇಕಾಗಿರಲಿಲ್ಲ. ಒಂದು ಗಂಟೆ ನಿಂತು ವಾದಿಸಿದಳು. ಅವಳು ಎಷ್ಟು ಹೇಳಿದರೂ, ಅಷ್ಟೊಂದು ಹೇಳುವುದೇ ಅವನ ಗುಮಾನಿಗೆ ಕಾರಣವಾಯಿತು.

ಮೇಲೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದಳು. "ಇಬ್ಬರದಾಯ್ತು. ಇಸ್ತ್ರಿಯವನು ಒಪ್ತಾ ಇಲ್ಲ."

ಅಷ್ಟು ದಿನಗಳ ಮೇಲೆ ಮಹಡಿಯವಳು ನಕ್ಕಳು. "ನಿಮ್ಮ ಶಿಷ್ಯ ತಾನೇ, ಅಷ್ಟು ಬೇಗ ಬಿಡ್ತಾನಾ? ಅವನು ಬಿಡೋವರೆಗೂ ನನ್ನ ಬಟ್ಟೆ ನೀವೇ ತಗೊಂಡು ಹೋಗಿ. ನಾನು ಅವನ ಮುಂದೆ ನಿಲ್ಲಲ್ಲ."

"ಸೂಜಿ?"

"ಹತ್ತು ಪೋಣಿಸಿಕೊಡ್ತೀನಿ. ಇಪ್ಪತ್ತು ಈಗ ಆಗಲ್ಲ."

ಹತ್ತಕ್ಕೆ ಕಾಜಾ ಅಕ್ಕ ಚೌಕಾಸಿ ಮಾಡಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಅವಳು ಎರಡು ಗಂಟು ಬಟ್ಟೆ ಹೊತ್ತು ಬೀದಿ ಕೊನೆಗೆ ಹೋಗುವಳು. ಇಸ್ತ್ರಿಯವನು ಅವಳ ಗಂಟನ್ನು ಒಂದು ಸಲ, ವಾರಗಿತ್ತಿಯ ಗಂಟನ್ನು ಎರಡು ಸಲ ಎಣಿಸುವನು. ಅವಳು ಅಲ್ಲಿನ ಸ್ಟೂಲ್ ಮೇಲೆ ಕೂತು ಅವನಿಗೆ ಲೋಳೆಸರದ ಪಾಠ ಹೇಳುವಳು. ಎಲೆ ನೆಟ್ಟಗಿದ್ದರೆ ಇದು, ಚೆಲ್ಲಿಕೊಂಡಿದ್ದರೆ ಅದು. ಒಂದು ವಾರ ಎರಡರ ಒಂದೊಂದು ಎಲೆಯನ್ನೇ ಕಾಗದದಲ್ಲಿ ಸುತ್ತಿ ತಂದು ಅವನ ಬೆರಳು ಹಿಡಿದು ಅಂಚಿನ ಮೇಲೆ ಓಡಿಸಿದಳು. ಅವನು ಕೈ ಹಿಂದಕ್ಕೆಳೆದುಕೊಂಡು, "ಚುಚ್ಚುತ್ತೆ," ಎಂದ, ಅಷ್ಟೇ. ಇನ್ನೊಂದು ವಾರ ಗಾಡಿಯವಳನ್ನೇ ಕರೆತಂದಳು. ಅವಳು ಹೋದ ಮೇಲೆ ಅವನು, "ಚೆನ್ನಾಗಿ ಮಾತಾಡ್ತಾಳೆ," ಎಂದ. ಅವನು ಹೇಳಿದ ರೀತಿಗೆ ಕಾಜಾ ಅಕ್ಕನಿಗೆ ರೇಗಿಹೋಯಿತು.

ಹೀಗೆ ಮೂರು ತಿಂಗಳು. ಒಂದು ದಿನ ಅಂಗಡಿಯಲ್ಲಿ ಜನ ಜಾಸ್ತಿಯಿತ್ತು. ಇಸ್ತ್ರಿಯವನು ಮಹಡಿಯವಳ ಗಂಟು ಬಿಚ್ಚಿ, ಒಂದು ಸಲ ಎಣಿಸಿ, ಬದಿಗಿಟ್ಟು ಮುಂದಿನವರ ಗಂಟಿಗೆ ಕೈ ಹಾಕಿದ. ಮರೆತನೋ ಬಿಟ್ಟನೋ ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಕೇಳಿದರೆ ಮತ್ತೆ ಎಣಿಸಿಯಾನು ಎಂದು ಕಾಜಾ ಅಕ್ಕ ಎದ್ದು ಹೊರಟಳು.

ಮರುದಿನ ಬೆಳಿಗ್ಗೆ ಮಹಡಿಯವಳು ಹತ್ತನೆಯ ಸೂಜಿ ಚುಚ್ಚಿಟ್ಟು ಏಳುವಾಗ ಕಾಜಾ ಅಕ್ಕ ಹೇಳಿದಳು, "ನಿನ್ನೆ ಒಂದೇ ಸಲ ಎಣಿಸಿದ."

"ನಿಜವಾಗಲೂ?"

"ಜನ ಇತ್ತು. ಅದಕ್ಕೂ ಇರಬಹುದು."

ಮಹಡಿಯವಳು ಗಡಿಯಾರ ನೋಡಿ, ಮತ್ತೆ ಕೂತು ಕೈ ಚಾಚಿದಳು. "ಇರಲಿ, ಇನ್ನೊಂದು ಸೂಜಿ ಕೊಡಿ."